ಎಚ್‌ಒಎ ಬಡಾವಣೆಯಲ್ಲಿ ಹಿತ್ತಲ ಕೋಳಿ: ಮೊದಲು ಕಾಗದ, ಆಮೇಲೆ ಗೂಡು

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿ, ಆಸ್ಟಿನ್‌ನ ಉತ್ತರಕ್ಕಿರುವ 180 ಮನೆಗಳ ಬಡಾವಣೆಯೊಂದರಲ್ಲಿದ್ದೇವೆ. ನಮ್ಮ ಲಾಟ್ (ಮನೆಯ ನಿವೇಶನ) ಸುಮಾರು 7,200 ಚದರ ಅಡಿ. ಹಿತ್ತಲಿನಲ್ಲಿ ನಾಲ್ಕು ಹೇಂಟೆ ಸಾಕುವ ಆಸೆ. ನಗರದವರನ್ನು ಕೇಳಿದರೆ ‘ಪರವಾಗಿಲ್ಲ’ ಎಂದರು. ಆದರೆ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಕೊಟ್ಟ ದಾಖಲೆಯಲ್ಲಿ ‘ಲೈವ್‌ಸ್ಟಾಕ್ (ಜಾನುವಾರು), ಪೌಲ್ಟ್ರಿ (ಕೋಳಿ, ಬಾತುಕೋಳಿಯಂಥ ಸಾಕುಹಕ್ಕಿ) ಸಾಕುವಂತಿಲ್ಲ, ನಾಯಿ, ಬೆಕ್ಕು ಮತ್ತಿತರ ಹೌಸ್‌ಹೋಲ್ಡ್ ಪೆಟ್ ಸಾಕಬಹುದು’ ಎಂದಿದೆ. ಎರಡು ಬೀದಿ ಆಚೆ ಒಬ್ಬರು ಆಗಲೇ ಮೂರು ಕೋಳಿ ಇಟ್ಟುಕೊಂಡಿದ್ದಾರೆ, ಯಾರೂ ಏನೂ ಅಂದಿಲ್ಲ. ಡಾಕ್ಟರ್ ಪತ್ರ ತಂದರೆ ಆಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಬೇಲಿ ಆರಡಿ ಎತ್ತರವಿದೆ, ಹಿಂದೆ ಇಟ್ಟರೆ ಯಾರಿಗೆ ಕಾಣುತ್ತದೆ ಎಂದು ಮನೆಯವರ ವಾದ. ಏನು ಮಾಡಬೇಕು? ಗೂಡು ಹೇಗೆ ಕಟ್ಟಿದರೆ ದೂರು ಬರುವುದಿಲ್ಲ?

ಉತ್ತರ: ಮರಿ ತರಬೇಡಿ, ಈಗಲೇ ಅಲ್ಲ. ‘ಪೌಲ್ಟ್ರಿ’ ಎಂಬ ಪದ ನಿಮ್ಮ ದಾಖಲೆಯಲ್ಲಿ ಇದೆ ಎಂದಮೇಲೆ ಸದ್ಯಕ್ಕೆ ಬಾಗಿಲು ಮುಚ್ಚಿದೆ. ಅದನ್ನು ತೆರೆಯುವ ದಾರಿ ಇದೆ. ಆದರೆ ಆ ದಾರಿ ನಗರಸಭೆಯ ಮೂಲಕವೂ ಇಲ್ಲ, ಡಾಕ್ಟರ್ ಮೂಲಕವೂ ಇಲ್ಲ. ಅಕ್ಕಪಕ್ಕದ ಮನೆಗಳ ಮೂಲಕ ಇದೆ.

ನಗರದ ಕೋಡ್ ಬೇರೆ, ಎಚ್‌ಒಎ ಬೇರೆ. ನಗರದ ಕೋಡ್ ಸರ್ಕಾರದ ಕಾನೂನು. ಎಚ್‌ಒಎಯ ಡಿಕ್ಲರೇಶನ್ (ಎಲ್ಲರೂ ಸಿಸಿ ಆಂಡ್ ಆರ್ ಎಂದು ಕರೆಯುವ ಕಾಗದ) ನೆಲಕ್ಕೆ ಅಂಟಿಕೊಂಡ ಖಾಸಗಿ ಒಪ್ಪಂದ. ಮನೆ ಕೊಂಡ ದಿನವೇ, ಓದಿರಲಿ ಬಿಡಲಿ, ನೀವು ಅದಕ್ಕೆ ಒಪ್ಪಿದ ಹಾಗೆ. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಿಮಗೆ ಅನ್ವಯ. ಸಿಯಾಟಲ್ ನಗರದ ಕೋಡ್ ಒಂದು ಲಾಟಿನಲ್ಲಿ 8 ಕೋಳಿಯವರೆಗೆ ಬಿಡುತ್ತದೆ, ಹುಂಜ ಕೂಡದು ಎನ್ನುತ್ತದೆ. ಹಾಗೆಂದು ಅಲ್ಲಿಯ ಎಚ್‌ಒಎ ಬಡಾವಣೆಯಲ್ಲಿ ಪೌಲ್ಟ್ರಿ ಬೇಡವೆಂದು ಬರೆದಿದ್ದರೆ ಆ 8 ಸೊನ್ನೆಯಾಗುತ್ತದೆ. ತಿರುಗಿಸಿ ನೋಡಿದರೂ ಅಷ್ಟೆ: ಎಚ್‌ಒಎ ಒಪ್ಪಿತು ಎಂದು ನಗರದ ನಿಯಮ ಸಡಿಲವಾಗುವುದಿಲ್ಲ. ‘ಪರವಾಗಿಲ್ಲ’ ಎಂದ ನಗರದ ಸಿಬ್ಬಂದಿ ತಮ್ಮ ಪಾಲಿನ ಉತ್ತರವನ್ನಷ್ಟೇ ಕೊಟ್ಟಿದ್ದಾರೆ. ಅದನ್ನೂ ಫೋನಿನಲ್ಲಿ ಕೇಳಿ ಬಿಡಬೇಡಿ. ಕೋಡಿನ ಆ ಸೆಕ್ಷನ್ ಇಳಿಸಿಕೊಂಡು ನಾಲ್ಕು ಸಂಗತಿ ಗುರುತು ಹಾಕಿಕೊಳ್ಳಿ: ಎಷ್ಟು ಕೋಳಿ, ಹುಂಜದ ಬಗ್ಗೆ ಏನಿದೆ, ಪಕ್ಕದ ಮನೆಯ ಗೋಡೆಯಿಂದ ಎಷ್ಟು ಅಡಿ ದೂರ, ಪರ್ಮಿಟ್ ಬೇಕೆ. 7,200 ಚದರ ಅಡಿಯ ಲಾಟಿನಲ್ಲಿ ದೂರದ ಅಳತೆಯೇ ಹೆಚ್ಚಾಗಿ ಕಾಲು ತೊಡಕುತ್ತದೆ. ಪಕ್ಕದ ಮನೆ ಬೇಲಿಗೆ ಐದಾರು ಅಡಿಯಲ್ಲೇ ನಿಂತಿರುತ್ತದೆ.

ಇನ್ನು ಕಾಗದದ ವಿಷಯ. ಎಚ್‌ಒಎ ಕೊಟ್ಟ ಪ್ರತಿ ಪೂರ್ತಿ ಇದೆಯೇ? ತಿದ್ದುಪಡಿಗಳು ಬಿಟ್ಟುಹೋಗಿರುವುದು ಸಾಮಾನ್ಯ. ಡಿಕ್ಲರೇಶನ್ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ದಾಖಲಾಗಿರುತ್ತದೆ. ಬಡಾವಣೆಯ ಹೆಸರು ಹಾಕಿ ಹುಡುಕಿದರೆ ಮೂಲ ಕಾಗದ, ಅದರ ತಿದ್ದುಪಡಿ, ಬೋರ್ಡಿನ (ಸಂಘದ ಆಡಳಿತ ಮಂಡಳಿಯ) ನಿಯಮಗಳು ಎಲ್ಲವೂ ಸಿಗುತ್ತವೆ. ಟೆಕ್ಸಸ್‌ನಲ್ಲಿ ಒಂದು ಅನುಕೂಲವಿದೆ: ಪ್ರಾಪರ್ಟಿ ಕೋಡಿನ 202.006ರ ಪ್ರಕಾರ ಕೌಂಟಿಯಲ್ಲಿ ದಾಖಲಾಗದ ಎಚ್‌ಒಎ ನಿಯಮಕ್ಕೆ ಬಲವಿಲ್ಲ. ಬೋರ್ಡ್ ನ್ಯೂಸ್‌ಲೆಟರಿನಲ್ಲಿ ‘ಇನ್ನು ಮುಂದೆ ಕೋಳಿ ಇಲ್ಲ’ ಎಂದು ಬರೆದರೆ ಅದು ನಿಯಮವಾಗುವುದಿಲ್ಲ. ದಾಖಲೆ ಸಿಗದಿದ್ದರೆ 209.005ರ ಅಡಿ ಸರ್ಟಿಫೈಡ್ ಮೇಲ್‌ನಲ್ಲಿ ಬರೆದು ಕೇಳಿ. ಸಂಘ 10 ಕೆಲಸದ ದಿನಗಳಲ್ಲಿ ಉತ್ತರಿಸಬೇಕು. ಯಾವ ವಿಳಾಸಕ್ಕೆ ಕಳಿಸಬೇಕು ಎಂಬುದು ಸಂಘದ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟಿನಲ್ಲಿದೆ. ಅದನ್ನು ರಾಜ್ಯದ ರಿಯಲ್ ಎಸ್ಟೇಟ್ ಕಮಿಷನ್ ನಡೆಸುವ ಎಚ್‌ಒಎ ಜಾಲತಾಣದಲ್ಲಿ ನೋಡಬಹುದು. (ಈ ಸೆಕ್ಷನ್‌ಗಳೆಲ್ಲ ಟೆಕ್ಸಸ್‌ನವು. ಕ್ಯಾಲಿಫೋರ್ನಿಯಾದಲ್ಲೋ ನಾರ್ತ್ ಕ್ಯಾರೊಲಿನಾದಲ್ಲೋ ಇದ್ದು ಇದನ್ನು ಓದುತ್ತಿರುವವರು ತಮ್ಮ ರಾಜ್ಯದ ಕೋಡ್ ನೋಡಬೇಕು.)

ಕಾಗದ ಕೈಗೆ ಬಂದಮೇಲೆ ಪ್ರಾಣಿಗಳ ಪ್ಯಾರಾವನ್ನು ಅಕ್ಷರ ಅಕ್ಷರ ಓದಿ. ಇಂಥ ಪ್ಯಾರಾಗಳಲ್ಲಿ ಮೂರು ಬಗೆ ಕಾಣುತ್ತವೆ. ಒಂದು, ನಿಮ್ಮದರ ಹಾಗೆ ‘ಪೌಲ್ಟ್ರಿ’ ಅಥವಾ ‘ಫೌಲ್’ ಎಂದು ಹೆಸರು ಹಿಡಿದು ಬೇಡವೆನ್ನುವುದು. ಇಲ್ಲಿ ವಾದಕ್ಕೆ ಜಾಗವಿಲ್ಲ. ಮಗಳು ಕೋಳಿಗೆ ಹೆಸರಿಟ್ಟು ಮುದ್ದು ಮಾಡುತ್ತಾಳೆ, ಆದ್ದರಿಂದ ಅದು ಹೌಸ್‌ಹೋಲ್ಡ್ ಪೆಟ್ ಎಂದರೆ ನಿಲ್ಲುವುದಿಲ್ಲ; ಹೆಸರು ಹಿಡಿದು ಬೇಡ ಎಂದದ್ದನ್ನು ಪಕ್ಕದ ಸಾಮಾನ್ಯ ಪದ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎರಡನೆಯದು, ‘ಲೈವ್‌ಸ್ಟಾಕ್’ ಮಾತ್ರ ಬೇಡ ಎನ್ನುವುದು, ಕೋಳಿಯ ಮಾತೇ ಇಲ್ಲದಿರುವುದು. ಇಲ್ಲಿ ನಿಜವಾದ ಸಂದಿಗ್ಧವಿದೆ. 2018ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ಟಾರ್ ಮತ್ತು ಟಿಂಬರ್‌ವುಡ್ ಪಾರ್ಕ್ ಪ್ರಕರಣದಲ್ಲಿ, ಡಿಕ್ಲರೇಶನ್ನಿನ ಮಾತಿನಲ್ಲಿ ಇಲ್ಲದ ನಿರ್ಬಂಧವನ್ನು ಎಳೆದು ತಂದು ಸೇರಿಸುವಂತಿಲ್ಲ ಎಂದಿತು. ಆ ಪ್ರಕರಣ ಮನೆಯನ್ನು ಅಲ್ಪಾವಧಿಗೆ ಬಾಡಿಗೆ ಕೊಡುವುದರ ಬಗ್ಗೆ, ಕೋಳಿಯ ಬಗ್ಗೆ ಅಲ್ಲ. ಆದರೂ ಎರಡನೆಯ ಬಗೆಯವರಿಗೆ ಅದು ಆಸರೆ, ನಿಮಗೆ ಅದೇ ಮುಳುವು: ಬರೆದದ್ದು ಬರೆದ ಹಾಗೆ. ಮೂರನೆಯದು, ‘ಬೋರ್ಡಿನ ಲಿಖಿತ ಒಪ್ಪಿಗೆಯಿಲ್ಲದೆ’ ಎಂಬ ಬಾಲ ಇರುವುದು. ಅದಿದ್ದರೆ ಅದೃಷ್ಟ. ತಿದ್ದುಪಡಿ ಬೇಡ, ಅರ್ಜಿ ಸಾಕು. ನಿಮ್ಮ ಕಾಗದದಲ್ಲಿ ಕೊನೆಯ ಕಡೆ ‘ವೇರಿಯನ್ಸ್’ (ನಿಯಮದಿಂದ ವಿನಾಯಿತಿ) ಎಂಬ ಪ್ಯಾರಾ ಇದೆಯೇ, ಅದು ಪ್ರಾಣಿಗಳ ನಿಯಮಕ್ಕೂ ಹೊಂದುತ್ತದೆಯೇ ಅಥವಾ ಕಟ್ಟಡಕ್ಕೆ ಮಾತ್ರವೇ ಎಂದು ತಪ್ಪದೆ ನೋಡಿ. ಆ ಅಧಿಕಾರವಿಲ್ಲದ ಬೋರ್ಡ್ ‘ಹೂಂ’ ಎಂದರೂ ಆ ಹೂಂಗೆ ಬೆಲೆಯಿಲ್ಲ, ಬಾಯಿಮಾತಿಗಂತೂ ಮೊದಲೇ ಇಲ್ಲ. ಬೋರ್ಡು ಚುನಾವಣೆಯಲ್ಲಿ ಬದಲಾಗುತ್ತದೆ, ಕೋಳಿ ಏಳೆಂಟು ವರ್ಷ ಬದುಕುತ್ತದೆ.

ಎರಡು ಬೀದಿ ಆಚೆಯ ಮೂರು ಕೋಳಿ ನಿಮಗೆ ಪರವಾನಗಿಯಲ್ಲ. ಸಂಘ ಒಂದು ನಿಯಮವನ್ನು ಬಹಳ ಕಾಲ, ಬಹಳ ಮನೆಗಳ ವಿಷಯದಲ್ಲಿ ಕೈಬಿಟ್ಟಿದ್ದರೆ ‘ನೀವೇ ಬಿಟ್ಟುಕೊಟ್ಟಿದ್ದೀರಿ’ ಎಂಬ ವಾದ ಕೋರ್ಟಿನಲ್ಲಿ ಉಂಟು. 180ರಲ್ಲಿ ಒಂದು ಮನೆಯಿಂದ ಆ ವಾದ ಹುಟ್ಟುವುದಿಲ್ಲ. ಅವರ ಬಗ್ಗೆ ದೂರು ಬಂದಿಲ್ಲ, ಅಷ್ಟೆ. ನೀವು ನಿಮ್ಮ ಅರ್ಜಿಯಲ್ಲಿ ಅವರನ್ನು ಎತ್ತಿದರೆ ಅವರ ಕೋಳಿಯೂ ಹೋಗುತ್ತದೆ, ನಿಮಗೆ ಒಂದು ವೋಟೂ ಹೋಗುತ್ತದೆ.

ಡಾಕ್ಟರ್ ಪತ್ರದ ಮಾತು ಎಲ್ಲ ಕಡೆ ಓಡಾಡುತ್ತಿದೆ. ಫೇರ್ ಹೌಸಿಂಗ್ ಕಾಯ್ದೆಯ ಪ್ರಕಾರ ಅಂಗವೈಕಲ್ಯ ಇರುವವರಿಗೆ ಅಗತ್ಯವಾದ ಪ್ರಾಣಿಗೆ ಎಚ್‌ಒಎಯೂ ವಿನಾಯಿತಿ ಕೊಡಬೇಕಾಗುತ್ತದೆ ಎಂಬುದು ನಿಜ. ಆದರೆ ಅಮೆರಿಕದ ಕೇಂದ್ರ ಸರ್ಕಾರದ ವಸತಿ ಇಲಾಖೆ, ಎಂದರೆ ಎಚ್‌ಯುಡಿ, 2020ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಕೊಟ್ಟಿಗೆಯ ಪ್ರಾಣಿಗಳನ್ನು ಮನೆಯಲ್ಲಿ ಸಾಮಾನ್ಯವಾಗಿ ಸಾಕುವ ಪ್ರಾಣಿಗಳ ಪಟ್ಟಿಯಿಂದ ಹೊರಗಿಟ್ಟಿತ್ತು. ಅಂಥದ್ದೇ ಏಕೆ ಬೇಕು, ನಾಯಿ ಬೆಕ್ಕು ಏಕೆ ಸಾಲದು ಎಂದು ತೋರಿಸುವ ದೊಡ್ಡ ಹೊರೆ ಕೇಳುವವರ ಮೇಲೇ ಇರುತ್ತದೆ ಎಂದಿತ್ತು. ನಿಜವಾದ ಅಗತ್ಯವಿದ್ದರೆ ವಕೀಲರ ಜೊತೆ ಆ ದಾರಿ ಹಿಡಿಯಿರಿ. ಮೊಟ್ಟೆಗಾಗಿ ಇಂಟರ್ನೆಟ್‌ನಲ್ಲಿ ಕೊಂಡ ಪತ್ರ ಹಿಡಿದು ಹೋಗಬೇಡಿ.

ಬೇಲಿಯ ಹಿಂದೆ ಬಚ್ಚಿಡುವ ಯೋಚನೆಗೆ ಬರೋಣ. ಆರಡಿ ಬೇಲಿ ಬೀದಿಯವರ ಕಣ್ಣನ್ನು ತಡೆಯುತ್ತದೆ, ಪಕ್ಕದ ಮನೆಯ ಮಹಡಿಯ ಕಿಟಕಿಯನ್ನು ತಡೆಯುವುದಿಲ್ಲ. ಮೊಟ್ಟೆಯಿಟ್ಟ ಹೇಂಟೆ ಊರಿಗೆಲ್ಲ ಸಾರುವುದನ್ನಂತೂ ಯಾವ ಬೇಲಿಯೂ ತಡೆಯುವುದಿಲ್ಲ. ಮರಿಗಳನ್ನು ಗ್ಯಾರೇಜಿನಲ್ಲಿ ದೀಪದಡಿ ಇಟ್ಟರೂ ‘ಲಾಟಿನಲ್ಲಿ ಸಾಕುವುದು’ ಆಯಿತು. ಸಿಕ್ಕಿಬಿದ್ದರೆ ಏನಾಗುತ್ತದೆ ಎಂದರೆ, 209.006ರಂತೆ ಮೊದಲು ಸರ್ಟಿಫೈಡ್ ಮೇಲ್‌ನಲ್ಲಿ ನೋಟಿಸ್, ಸರಿಪಡಿಸಿಕೊಳ್ಳಲು ಸೂಕ್ತ ಅವಧಿ, ನೋಟಿಸ್ ಕಳಿಸಿದ 30 ದಿನದೊಳಗೆ ಬೋರ್ಡಿನ ಮುಂದೆ ವಿಚಾರಣೆ ಕೇಳುವ ಹಕ್ಕು. ಈ ಹಂತದಲ್ಲೇ ಕೋಳಿ ಸಾಗಿಸಿದರೆ ದಂಡವಿಲ್ಲ. ಆದರೆ ಮರೆತು ಕೂತರೆ ದಂಡ ಸೇರುತ್ತ ಹೋಗುತ್ತದೆ. ಕೇಸು ಹಾಕಿದರೆ ದಿನಕ್ಕೆ 200 ಡಾಲರ್‌ವರೆಗೆ ಸಿವಿಲ್ ಡ್ಯಾಮೇಜ್ ವಿಧಿಸಲು 202.004 ಕೋರ್ಟಿಗೆ ಅವಕಾಶ ಕೊಡುತ್ತದೆ, ಜೊತೆಗೆ ಗೆದ್ದ ಸಂಘದ ವಕೀಲರ ಫೀ. ಕೇವಲ ದಂಡದ ಬಾಕಿಗೆ ಮನೆ ಹರಾಜು ಹಾಕುವಂತಿಲ್ಲ ಎಂದು 209.009 ಹೇಳುತ್ತದೆ ಎಂಬುದೊಂದೇ ಸಮಾಧಾನ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಕದ್ದು ಸಾಕಿ ಸಿಕ್ಕಿಬಿದ್ದವರು ಮರುವರ್ಷ ತಿದ್ದುಪಡಿಗೆ ಸಹಿ ಕೇಳಲು ಹೋದರೆ ಬಾಗಿಲು ತೆಗೆಯುವವರು ಕಡಿಮೆ.

ತಿದ್ದುಪಡಿಯ ಲೆಕ್ಕ

209.0041ರ ಪ್ರಕಾರ ಟೆಕ್ಸಸ್‌ನಲ್ಲಿ ಡಿಕ್ಲರೇಶನ್ ತಿದ್ದಲು ಒಟ್ಟು ಮತಗಳ ಶೇ 67 ಬೇಕು. ನಿಮ್ಮ ಡಿಕ್ಲರೇಶನ್ ಇದಕ್ಕಿಂತ ಕಡಿಮೆ ಹೇಳಿದ್ದರೆ ಆ ಕಡಿಮೆ ಸಾಕು. ‘ಒಟ್ಟು’ ಎಂಬುದೇ ಇಲ್ಲಿಯ ಕಷ್ಟ. ಸಭೆಗೆ ಬಂದವರ ಶೇ 67 ಅಲ್ಲ, 180 ಮನೆಗಳ ಶೇ 67, ಎಂದರೆ 121 ಮನೆ. ವೋಟು ಹಾಕದವರೆಲ್ಲ ‘ಬೇಡ’ ಎಂದ ಲೆಕ್ಕ. ಮಾಲೀಕರು ಬೇರೆ ಊರಲ್ಲಿದ್ದು ಬಾಡಿಗೆಗೆ ಕೊಟ್ಟ ಮನೆ ಮೂವತ್ತಿದ್ದರೆ, ಉಳಿದ 150ರಲ್ಲೇ 121 ಹುಡುಕಬೇಕು. ಬಡಾವಣೆ ಇನ್ನೂ ಬಿಲ್ಡರ್ ಕೈಯಲ್ಲಿದ್ದರೆ ಕಥೆ ಬೇರೆ. ಆಗ ತಿದ್ದುವ ಅಧಿಕಾರ ಹೆಚ್ಚಾಗಿ ಬಿಲ್ಡರಿಗೇ ಇರುತ್ತದೆ. ಒಂದೇ ಪತ್ರದಲ್ಲಿ ಮುಗಿಯಬಹುದು, ಒಂದೇ ಪತ್ರದಲ್ಲಿ ಬಿದ್ದುಹೋಗಲೂಬಹುದು.

ಕೋಳಿಗೆಂದೇ ತಿದ್ದುಪಡಿ ಹೊರಡಿಸುವುದಕ್ಕಿಂತ ಕಾಯುವುದು ಜಾಣತನ. ಹಳೆಯ ಡಿಕ್ಲರೇಶನ್‌ಗಳನ್ನು ಸಂಘಗಳು ಆಗಾಗ ಒಟ್ಟಿಗೆ ಪರಿಷ್ಕರಿಸುತ್ತವೆ. ಅದೇ ಮತಪತ್ರದಲ್ಲಿ ನಿಮ್ಮ ಸಾಲು ಬೇರೆ ಪ್ರಶ್ನೆಯಾಗಿ ಸೇರಿದರೆ ಮನೆಮನೆ ತಿರುಗುವ ಕೆಲಸ ಅರ್ಧವಾಗುತ್ತದೆ, ಅಂಚೆ ಮತ್ತು ವಕೀಲರ ಖರ್ಚೂ ಹಂಚಿಹೋಗುತ್ತದೆ. ಬೇರೆ ಪ್ರಶ್ನೆಯಾಗಿಯೇ ಇರಲಿ. ಇಲ್ಲದಿದ್ದರೆ ಕೋಳಿ ಬೇಡದವರು ಇಡೀ ಪರಿಷ್ಕರಣೆಯನ್ನೇ ಬೀಳಿಸುತ್ತಾರೆ.

ಸಾಲು ಬರೆಯುವ ರೀತಿಯಲ್ಲಿ ಒಂದು ಎಚ್ಚರ. ಎಷ್ಟು ಕೋಳಿ, ಎಷ್ಟು ಅಡಿ, ಯಾವ ಬಣ್ಣ ಎಂದೆಲ್ಲ ಡಿಕ್ಲರೇಶನ್ನಿಗೆ ತುರುಕಿದರೆ ನಾಳೆ ನಾಲ್ಕನ್ನು ಐದು ಮಾಡಲೂ ಮತ್ತೆ 121 ಮನೆ ಬೇಕು. ಡಿಕ್ಲರೇಶನ್ನಿನಲ್ಲಿ ‘ಬೋರ್ಡ್ ರೂಪಿಸುವ ನಿಯಮಗಳಿಗೆ ಒಳಪಟ್ಟು ಮೊಟ್ಟೆಯಿಡುವ ಹೇಂಟೆಗಳನ್ನು ಸಾಕಬಹುದು, ಹುಂಜ ಕೂಡದು’ ಎಂಬ ಅರ್ಥದ ಸಾಲು ಸಾಕು. ವಿವರಗಳೆಲ್ಲ ನಿಯಮದ ಕಾಗದದಲ್ಲಿರಲಿ: ಮನೆಗೆ ನಾಲ್ಕರಿಂದ ಆರು, ಹಿತ್ತಲಿನಲ್ಲಿ ಮಾತ್ರ, ಸದಾ ಮುಚ್ಚಿದ ರನ್ ಒಳಗೆ, ಅಂದರೆ ಜಾಲರಿ ಕಟ್ಟಿದ ಓಡಾಟದ ಜಾಗದಲ್ಲಿ, ಆಹಾರ ಲೋಹದ ಡಬ್ಬಿಯಲ್ಲಿ, ಮೊಟ್ಟೆ ಮಾರುವಂತಿಲ್ಲ, ಅಲ್ಲೇ ಕೊಯ್ಯುವಂತಿಲ್ಲ, ಮನೆ ಮಾರಿದರೆ ಅನುಮತಿ ಅಲ್ಲಿಗೇ ಮುಗಿಯುತ್ತದೆ, ಗೂಡು 30 ದಿನದಲ್ಲಿ ತೆಗೆಯಬೇಕು. ಮೊಟ್ಟೆ ಮಾರಾಟದ ಸಾಲನ್ನು ನೀವೇ ಮುಂದಾಗಿ ಸೇರಿಸಿ. ಲಾಟಿನಲ್ಲಿ ವ್ಯಾಪಾರ ನಡೆಯಬಾರದು ಎಂಬ ನಿಯಮ ಬಹುತೇಕ ಎಲ್ಲ ಡಿಕ್ಲರೇಶನ್‌ಗಳಲ್ಲೂ ಇದ್ದೇ ಇರುತ್ತದೆ, ಡಜನ್‌ಗೆ ಐದು ಡಾಲರ್ ತೆಗೆದುಕೊಂಡ ದಿನ ನೀವು ಅದನ್ನೂ ಮುರಿದಂತೆ. ಪಕ್ಕದವರಿಗೆ ಪುಕ್ಕಟೆ ಕೊಡಿ. ಅದೇ ಒಳ್ಳೆಯ ರಾಜಕೀಯ.

ಸಹಿ ಕೇಳುವಾಗ ಮೂರು ಮಾತು ಎಲ್ಲರ ಬಾಯಲ್ಲೂ ಬರುತ್ತವೆ: ಗದ್ದಲ, ವಾಸನೆ, ಇಲಿ. ಮೂರಕ್ಕೂ ಉತ್ತರ ಗೂಡಿನ ನಕ್ಷೆಯಲ್ಲಿದೆ. ಅದಕ್ಕೇ ನಕ್ಷೆ ಮೊದಲೇ ಕೈಯಲ್ಲಿರಲಿ.

ಗೂಡು

ನಾಲ್ಕು ಹೇಂಟೆಗೆ ಒಳಗೂಡು 4×4 ಅಡಿ, ತಲಾ 4 ಚದರ ಅಡಿಯಂತೆ. ರನ್ 4×10 ಅಡಿ, ತಲಾ 10ರಂತೆ. ಒಟ್ಟು 4×14 ಅಡಿಯ ಪಟ್ಟಿ. ಇದಕ್ಕಿಂತ ಇಕ್ಕಟ್ಟಾದರೆ ಒಂದನ್ನೊಂದು ಕುಕ್ಕಿ ಗರಿ ಕೀಳುತ್ತವೆ, ನೆಲ ಒದ್ದೆಯಾಗಿಯೇ ಉಳಿಯುತ್ತದೆ, ಅಲ್ಲಿಂದ ವಾಸನೆ ಶುರು. ಅಂಗಡಿಯಲ್ಲಿ ‘ಆರು ಕೋಳಿಗೆ’ ಎಂದು ಮಾರುವ ಮಡಚುವ ಗೂಡುಗಳ ಅಳತೆಯನ್ನು ಟೇಪ್ ಹಿಡಿದು ನೋಡಿ. ಎರಡಕ್ಕೆ ಸರಿಹೋದರೆ ಹೆಚ್ಚು. ಎತ್ತರದಲ್ಲಿ ಒಂದು ಇಕ್ಕಟ್ಟಿದೆ: ನೀವು ನಿಂತು ಗುಡಿಸುವಂತಿರಬೇಕು, ಬೇಲಿಗಿಂತ ಮೇಲೆ ಕಾಣಬಾರದು. ಆರ್ಕಿಟೆಕ್ಚರಲ್ ಕಮಿಟಿ (ಬಡಾವಣೆಯಲ್ಲಿ ಕಟ್ಟುವುದಕ್ಕೆಲ್ಲ ಒಪ್ಪಿಗೆ ಕೊಡುವ ಸಂಘದ ಸಮಿತಿ) ಒಪ್ಪಿದರೆ ಆರೂವರೆ ಅಡಿ ಮಾಡಿ. ಒಪ್ಪದಿದ್ದರೆ ಐದೂವರೆ ಅಡಿಗೆ ನಿಲ್ಲಿಸಿ, ಮಾಡನ್ನು ಹಿಂಜಿನ ಮೇಲೆ ಎತ್ತುವಂತೆ ಮಾಡಿ. ಬಗ್ಗಿ ತೆವಳಿ ಗುಡಿಸಬೇಕಾದ ಗೂಡನ್ನು ಯಾರೂ ಎರಡು ತಿಂಗಳಾದಮೇಲೆ ಗುಡಿಸುವುದಿಲ್ಲ.

ಜಾಗ ಗುರುತಿಸುವ ಮುನ್ನ ಮನೆಯ ಸರ್ವೆ ನಕ್ಷೆ ತೆಗೆಯಿರಿ. ಹಿಂದಿನ ಬೇಲಿಯ ಪಕ್ಕದಲ್ಲಿ ಕರೆಂಟು, ಒಳಚರಂಡಿಯವರ ಈಸ್‌ಮೆಂಟ್ ಪಟ್ಟಿ (ಅವರು ಬಂದು ಕೆಲಸ ಮಾಡಲು ಹಕ್ಕಿರುವ ಜಾಗ) ಇರುತ್ತದೆ. ಅಲ್ಲಿ ಕಟ್ಟಿದ್ದನ್ನು ಅವರು ಯಾವತ್ತಾದರೂ ಕಿತ್ತು ಬಿಸಾಡಬಹುದು, ಕಮಿಟಿ ಕೂಡ ಮೊದಲು ನೋಡುವುದು ಅದನ್ನೇ. ಮಳೆನೀರು ಹರಿಯುವ ತಗ್ಗಿನಲ್ಲೂ ಬೇಡ.

ಜಾಲರಿಗೆ ‘ಚಿಕನ್ ವೈರ್’ ತರಬೇಡಿ. ಆ ಷಟ್ಕೋನದ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ರಕೂನನ್ನು (ಕೈಯಂಥ ಮುಂಗಾಲಿರುವ, ರಾತ್ರಿ ತಿರುಗುವ ಕಾಡುಪ್ರಾಣಿ) ಹೊರಗಿಡುವುದಿಲ್ಲ. ರಕೂನ್ ತಂತಿ ಹರಿದು ಕೈ ಹಾಕುತ್ತದೆ. ಅರ್ಧ ಇಂಚು ಕಣ್ಣಿನ, 19 ಗೇಜಿನ ಹಾರ್ಡ್‌ವೇರ್ ಕ್ಲಾತ್ (ಗಟ್ಟಿ ತಂತಿಯ ಚೌಕಕಣ್ಣಿನ ಜಾಲರಿ) ಬೇಕು. 4×14ಕ್ಕೆ ಸುತ್ತಳತೆ 36 ಅಡಿ. ಆರಡಿ ಎತ್ತರಕ್ಕೆ 216 ಚದರ ಅಡಿ, ರನ್ನಿನ ಮೇಲ್ಭಾಗಕ್ಕೆ 40, ಸುತ್ತ ನೆಲದ ಮೇಲೆ ಎರಡಡಿ ಅಗಲಕ್ಕೆ ಹೊರಕ್ಕೆ ಹಾಸುವ ಅಂಚಿಗೆ ಮೂಲೆಗಳೂ ಸೇರಿ ಸುಮಾರು 88. ಒಟ್ಟು 344. 4 ಅಡಿ ಅಗಲ, 50 ಅಡಿ ಉದ್ದದ ಸುರುಳಿ ಎರಡು ತಂದರೆ ಸಾಕು, ತುಸು ಉಳಿಯುತ್ತದೆ. ನೆಲದ ಮೇಲೆ ಹಾಸಿದ ಅಂಚೇ ಮುಖ್ಯ. ತೋಡಿ ಒಳಬರುವ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಎರಡಡಿ ಹಿಂದೆ ಸರಿದು ತೋಡಬೇಕೆಂದು ಅದಕ್ಕೆ ತೋಚುವುದಿಲ್ಲ. ಮಧ್ಯ ಟೆಕ್ಸಸ್‌ನ ಸುಣ್ಣಕಲ್ಲಿನ ನೆಲದಲ್ಲಿ ಜಾಲರಿ ಹೂಳಲು ಗುಂಡಿ ತೋಡುವ ಕಷ್ಟವೂ ಇದರಿಂದ ತಪ್ಪುತ್ತದೆ. ಜಾಲರಿಯನ್ನು ಬರೀ ಸ್ಟೇಪಲ್ ಹೊಡೆದು ಬಿಡಬೇಡಿ, ಅಗಲ ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ, ಐದಾರು ಇಂಚಿಗೊಂದು. ಚಿಲಕ ಎರಡು ಹಂತದ್ದಿರಲಿ. ಸಾದಾ ಕೊಕ್ಕೆಯನ್ನು ರಕೂನ್ ಮಕ್ಕಳಿಗಿಂತ ಬೇಗ ಬಿಚ್ಚುತ್ತದೆ. ಊರಲ್ಲಿ ಸಂಜೆ ಬುಟ್ಟಿ ಕವುಚಿ ಮೇಲೊಂದು ಕಲ್ಲು ಹೇರಿದರೆ ಮುಗಿಯುತ್ತಿತ್ತು, ಇಲ್ಲಿಯ ಕಳ್ಳನಿಗೆ ಬೆರಳುಗಳಿವೆ.

ಒಳಗೆ ಕೂರುವ ಕೋಲು 2×4 ಮರದ ತುಂಡು, ಅಗಲ ಮುಖ ಮೇಲಾಗಿ, ತಲಾ 8ರಿಂದ 10 ಇಂಚು. ಮೊಟ್ಟೆ ಪೆಟ್ಟಿಗೆ 12 ಇಂಚಿನ ಚೌಕ, ನಾಲ್ಕಕ್ಕೆ ಒಂದು ಸಾಕಾದರೂ ಎರಡಿಡಿ. ಪೆಟ್ಟಿಗೆ ಕೋಲಿಗಿಂತ ಕೆಳಗಿರಬೇಕು. ಮೇಲಿದ್ದರೆ ರಾತ್ರಿ ಅದರೊಳಗೇ ಮಲಗಿ ಗಲೀಜು ಮಾಡುತ್ತವೆ.

ಆಸ್ಟಿನ್ ಕಡೆ ಕೋಳಿಯನ್ನು ಕೊಲ್ಲುವುದು ಚಳಿಯಲ್ಲ, ಸೆಕೆ. 2023ರ ಬೇಸಿಗೆಯಲ್ಲಿ ಅಲ್ಲಿ ಸತತ 45 ದಿನ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಕೋಳಿಗೆ ಬೆವರುವ ಗ್ರಂಥಿ ಇಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ತಣ್ಣಗಾಗಬೇಕು. ಆದ್ದರಿಂದ ಒಳಗೂಡಿನ ಉತ್ತರದ ಗೋಡೆ ಮಾತ್ರ ಹಲಗೆ, ಉಳಿದ ಕಡೆ ಮೇಲರ್ಧ ಜಾಲರಿಯಿರಲಿ. ಮಧ್ಯಾಹ್ನದ ನೆರಳು, ಎರಡು ಕಡೆ ನೀರು. ದಿನಕ್ಕೆ ಒಂದು ಕೋಳಿ ಅರ್ಧ ಲೀಟರಿನಷ್ಟು ಕುಡಿಯುತ್ತದೆ, ಬಿಸಿಲಿಗೆ ಅದರ ಎರಡರಷ್ಟು. ಚಳಿಗೆ ಹೆದರಿ ಹೀಟ್ ಲ್ಯಾಂಪ್ ಹಾಕಬೇಡಿ. 2021ರ ಫೆಬ್ರುವರಿಯಂಥ ಹಿಮದಲ್ಲೂ ಒಣಗಿದ, ಗಾಳಿ ನೇರ ಬಡಿಯದ ಗೂಡಿನಲ್ಲಿ ಗರಿಯಿರುವ ಕೋಳಿ ತಡೆದುಕೊಳ್ಳುತ್ತದೆ. ಮರದ ಹೊಟ್ಟಿನ ಮೇಲೆ ಬಿದ್ದ ದೀಪ ಬೇಲಿಯನ್ನೂ ಸೇರಿಸಿ ಸುಡುತ್ತದೆ.

ತಿದ್ದುಪಡಿ ಗೆದ್ದಮೇಲೂ ಗೂಡಿಗೆ ಕಮಿಟಿಯ ಒಪ್ಪಿಗೆ ಬೇರೆಯೇ ಬೇಕು. ಅರ್ಜಿಗೆ ಸರ್ವೆ ನಕ್ಷೆಯ ಮೇಲೆ ಗೂಡಿನ ಗುರುತು ಮತ್ತು ದೂರಗಳು, ನಾಲ್ಕೂ ಕಡೆಯ ಚಿತ್ರ ಎತ್ತರದೊಂದಿಗೆ, ಮಾಡಿನ ಹೊದಿಕೆ, ಮನೆಯ ಬಣ್ಣಕ್ಕೆ ಹೊಂದುವ ಬಣ್ಣದ ಚೂರು, ಒಂದು ಪುಟದ ಶುಚಿತ್ವದ ಕ್ರಮ, ಅಂಟಿಕೊಂಡ ಮೂರು ಮನೆಯವರ ಸಹಿ ಲಗತ್ತಿಸಿ. 40ಕ್ಕಿಂತ ಹೆಚ್ಚು ಲಾಟ್ ಇರುವಲ್ಲಿ ಬೋರ್ಡಿನ ಸದಸ್ಯರಾಗಲಿ ಅವರ ಗಂಡ, ಹೆಂಡತಿಯಾಗಲಿ ಈ ಕಮಿಟಿಯಲ್ಲಿ ಇರುವಂತಿಲ್ಲ. ನಿರಾಕರಿಸಿದರೆ ಕಾರಣವನ್ನು ಬರೆದೇ ತಿಳಿಸಬೇಕು, ನೀವು 30 ದಿನದಲ್ಲಿ ಬೋರ್ಡಿಗೆ ಮೊರೆ ಹೋಗಬಹುದು. ಇದೆಲ್ಲ 209.00505ರಲ್ಲಿದೆ. ಉತ್ತರವೇ ಬರದಿದ್ದರೆ? ಕೆಲವು ಡಿಕ್ಲರೇಶನ್‌ಗಳಲ್ಲಿ ಇಂತಿಷ್ಟು ದಿನ ಸುಮ್ಮನಿದ್ದರೆ ಒಪ್ಪಿದ ಹಾಗೆ, ಕೆಲವದರಲ್ಲಿ ತಿರಸ್ಕರಿಸಿದ ಹಾಗೆ. ಆ ಸಾಲು ಓದದೆ ಸುತ್ತಿಗೆ ಎತ್ತಬೇಡಿ.

ಯಾವ ಕೋಳಿ

ನೀವು ಹೆದರಬೇಕಾದದ್ದು ತಿಳಿಯದೆ ಬರುವ ಹುಂಜಕ್ಕೆ. ಅಂಗಡಿಯಲ್ಲಿ ‘ಪುಲೆಟ್’ ಎಂದು ಬೇರ್ಪಡಿಸಿ ಕೊಟ್ಟ ಹೆಣ್ಣುಮರಿಗಳಲ್ಲೂ ಒಂದೊಂದು ಗಂಡು ನುಸುಳುತ್ತದೆ, ನಾಲ್ಕು ತಿಂಗಳಾದಮೇಲೆ ಬೆಳಗಿನ ಜಾವ ಅದು ತಾನೇ ತಿಳಿಸುತ್ತದೆ. ಸೆಕ್ಸ್‌ಲಿಂಕ್ ತಳಿಗಳಲ್ಲಿ (ಬ್ಲ್ಯಾಕ್ ಸೆಕ್ಸ್‌ಲಿಂಕ್, ಗೋಲ್ಡನ್ ಕಾಮೆಟ್, ಐಎಸ್ಎ ಬ್ರೌನ್) ಹುಟ್ಟಿದ ದಿನವೇ ಗಂಡುಹೆಣ್ಣಿನ ಬಣ್ಣ ಬೇರೆ, ಈ ಗೊಂದಲವೇ ಇಲ್ಲ. ಸಿಲ್ಕಿಯಲ್ಲಿ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ, ಮಗಳು ಎಷ್ಟೇ ಹಟ ಮಾಡಲಿ ಬೇಡ. ಲೆಗ್‌ಹಾರ್ನ್ ಸೆಕೆ ತಡೆಯುತ್ತದೆ, ಆದರೆ ಬೆದರುವ, ಕೂಗುವ ಜಾತಿ. ಬಫ್ ಆರ್ಪಿಂಗ್ಟನ್ ಸಾಧು, ಆದರೆ ಆ ದಪ್ಪ ಗರಿಗೆ ಟೆಕ್ಸಸ್ ಆಗಸ್ಟ್ ಶಿಕ್ಷೆ. ನಾಲ್ಕು ಸೆಕ್ಸ್‌ಲಿಂಕ್, ಅಥವಾ ಎರಡು ಸೆಕ್ಸ್‌ಲಿಂಕ್ ಎರಡು ಬಾರ್ಡ್ ರಾಕ್ ಎಂಬುದು ನಮ್ಮ ಸಲಹೆ. ಹೆಬ್ಬಾಳದ ಗಿರಿರಾಜ ಇಲ್ಲಿ ಸಿಗುವುದಿಲ್ಲ. ಊರಿಂದ ಕಾವಿನ ಮೊಟ್ಟೆ ತರುವ ಯೋಚನೆಯನ್ನೂ ಮಾಡಬೇಡಿ, ಪಕ್ಷಿಜ್ವರದ ಕಾರಣಕ್ಕೆ ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ.

ಸಾಧ್ಯವಾದರೆ ಮರಿಯ ಬದಲು ಹದಿನಾರು ವಾರದ ಪುಲೆಟ್ ಕೊಳ್ಳಿ. ಬೆಲೆ ಹೆಚ್ಚು, ಆದರೆ ಮೊದಲ ವಾರ 95 ಡಿಗ್ರಿ ಕಾವು, ಆಮೇಲೆ ವಾರಕ್ಕೆ ಐದು ಡಿಗ್ರಿ ಇಳಿಸುವ ಆರು ವಾರದ ಪಾಡು ತಪ್ಪುತ್ತದೆ. ಹಲವು ಅಂಗಡಿಗಳು ಎರಡು, ಮೂರು ಮರಿ ಮಾರುವುದೂ ಇಲ್ಲ. ಕನಿಷ್ಠ ಸಂಖ್ಯೆಗೆಂದು ಆರು ತಂದು, ನಾಲ್ಕರ ಅನುಮತಿ ಮೀರಿ ಸಿಕ್ಕಿಬೀಳುವವರಿದ್ದಾರೆ. ಹದಿನೆಂಟು, ಇಪ್ಪತ್ತು ವಾರಕ್ಕೆ ಮೊಟ್ಟೆ ಶುರುವಾಗುತ್ತದೆ. ಹುಂಜ ಬೇಕೇ ಇಲ್ಲ, ಅದು ಬೇಕಾಗುವುದು ಮರಿ ಮಾಡಿಸಲು ಮಾತ್ರ.

ಗದ್ದಲ, ವಾಸನೆ, ಇಲಿ

ಮೊಟ್ಟೆಯಿಟ್ಟ ಕೂಗು ಹತ್ತು ನಿಮಿಷದ್ದು, ಮನುಷ್ಯರು ಮಾತಾಡುವಷ್ಟು ಜೋರು. ಕಷ್ಟ ಇರುವುದು ಬೇಸಿಗೆಯಲ್ಲಿ ಆರೂವರೆಗೇ ‘ಬಾಗಿಲು ತೆಗಿ’ ಎಂದು ಕಿರುಚುವುದರಲ್ಲಿ. ಟೈಮರ್ ಇರುವ ಸ್ವಯಂಚಾಲಿತ ಬಾಗಿಲು ಬೆಳಗಾಗುತ್ತಲೇ ಒಳಗೂಡಿನಿಂದ ರನ್ನಿಗೆ ಬಿಟ್ಟರೆ ಇದು ಮುಕ್ಕಾಲು ಪಾಲು ನಿಲ್ಲುತ್ತದೆ.

ವಾಸನೆ ಎಂದರೆ ಒದ್ದೆ. ಒಣಗಿದ ಹಿಕ್ಕೆ ನಾರುವುದಿಲ್ಲ, ಒದ್ದೆಯಾದದ್ದು ಅಮೋನಿಯ ಬಿಡುತ್ತದೆ, ನೊಣ ಅದರಲ್ಲೇ ಮೊಟ್ಟೆಯಿಡುತ್ತದೆ. ನಾಲ್ಕು ಕೋಳಿಯ ಹಿಕ್ಕೆ ದಿನಕ್ಕೆ ಸುಮಾರು ಒಂದು ಪೌಂಡ್, ಅದರಲ್ಲಿ ದೊಡ್ಡ ಪಾಲು ರಾತ್ರಿ ಕೂರುವ ಕೋಲಿನ ಕೆಳಗೇ ಬೀಳುತ್ತದೆ. ಅಲ್ಲೊಂದು ಹಲಗೆ ಇಟ್ಟು ಬೆಳಿಗ್ಗೆ ಎರಡು ನಿಮಿಷ ಕೆರೆದು ತೆಗೆದರೆ ಅರ್ಧ ಕೆಲಸ ಮುಗಿಯಿತು. ನೆಲಕ್ಕೆ ನಾಲ್ಕರಿಂದ ಆರು ಇಂಚು ಪೈನ್ ಮರದ ಹೊಟ್ಟು. ಸೀಡರ್ ಬೇಡ, ಅದರ ಎಣ್ಣೆ ಕೋಳಿಯ ಉಸಿರಿಗೆ ಕೆಟ್ಟದು. ರನ್ನಿಗೆ ಮಾಡು ಹಾಕುವುದು ಬರೀ ಗಿಡುಗನ ಭಯಕ್ಕಲ್ಲ, ಮಳೆಗೆ. ಮಾಡಿಲ್ಲದ ರನ್ ಒಂದು ಮಳೆಗೆ ಕೆಸರುಗದ್ದೆ, ಮೂರನೇ ದಿನಕ್ಕೆ ದೂರು. ನೀರಿನ ಪಾತ್ರೆ ನಿಪ್ಪಲ್ ಇರುವುದಾದರೆ ಚೆಲ್ಲುವುದು ಕಡಿಮೆ. ಕೆರೆದ ಹಿಕ್ಕೆಗೆ ಎರಡರಷ್ಟು ಒಣ ಎಲೆ ಸೇರಿಸಿ ಮುಚ್ಚಳವಿರುವ ಕಾಂಪೋಸ್ಟ್ ಡಬ್ಬಿಗೆ ಹಾಕಿ. ಹಸಿ ಹಿಕ್ಕೆಯನ್ನು ಸೊಪ್ಪಿನ ಮಡಿಗೆ ಹಾಕಬಾರದು, ಸಾಲ್ಮೊನೆಲ್ಲಾ ಭಯವಿದೆ. ಅದೇ ಕಾರಣಕ್ಕೆ ಕೋಳಿ ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆಯಲೇಬೇಕು, ಐದು ವರ್ಷದ ಒಳಗಿನವರನ್ನು ದೂರವಿಡುವುದು ಲೇಸು.

ಇಲಿ ಬರುವುದು ಕೋಳಿಗಲ್ಲ, ಕಾಳಿಗೆ. ಒಂದು ಹೇಂಟೆಗೆ ದಿನಕ್ಕೆ ಕಾಲು ಪೌಂಡ್ ಲೇಯರ್ (ಮೊಟ್ಟೆಕೋಳಿಯ) ಆಹಾರ, ನಾಲ್ಕಕ್ಕೆ ಒಂದು ಪೌಂಡ್. 50 ಪೌಂಡ್ ಚೀಲ ಏಳು ವಾರ ಬರುತ್ತದೆ. ಒಟ್ಟಿಗೆ ಎರಡು ಚೀಲ ತರಬೇಡಿ, ಸೆಕೆಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಬಿಗಿಯಿರುವ 20 ಗ್ಯಾಲನ್ನಿನ ತಗಡಿನ ಡಬ್ಬಿ ಸಾಕು. ಸಂಜೆ ಆಹಾರದ ಪಾತ್ರೆ ಒಳಗೆ ತನ್ನಿ, ಅಥವಾ ಕೋಳಿ ಮೆಟ್ಟಿದರೆ ತೆರೆಯುವ ಪಾತ್ರೆ ಕೊಳ್ಳಿ. ಉಳಿದ ಅನ್ನ, ಮುದ್ದೆ ಹಾಕಬಹುದು, ಹತ್ತರಲ್ಲೊಂದು ಪಾಲು ಮೀರದಂತೆ, ಅರ್ಧ ಗಂಟೆಯಲ್ಲಿ ತಿಂದು ಮುಗಿಸುವಷ್ಟು. ಉಪ್ಪಿನಕಾಯಿ, ಒಣ ಹುರುಳಿಕಾಯಿ ಬೀಜ, ಅವಕಾಡೊ ಸಿಪ್ಪೆ ಬೇಡ. ಮೊಟ್ಟೆಯ ಚಿಪ್ಪು ತೆಳ್ಳಗಾದರೆ ಆಯ್ಸ್ಟರ್ ಶೆಲ್ (ಸಿಂಪಿ ಚಿಪ್ಪಿನ) ಪುಡಿ ಬೇರೆ ಬಟ್ಟಲಿನಲ್ಲಿ. ಕಾಡುಹಕ್ಕಿಗೆ ಕಾಳು ಹಾಕುವ ತೂಗುಪಾತ್ರೆ ಇದ್ದರೆ ತೆಗೆದುಬಿಡಿ. 2022ರಿಂದ ಅಮೆರಿಕದಲ್ಲಿ ಹರಡಿರುವ ಎಚ್5ಎನ್1 ಪಕ್ಷಿಜ್ವರ ಕಾಡುಹಕ್ಕಿಗಳ ಹಿಕ್ಕೆಯಿಂದಲೂ ಬರುತ್ತದೆ. ನಿಮ್ಮ ಕೋಳಿಗಳು ಒಂದೆರಡು ದಿನದಲ್ಲಿ ಏಕಾಏಕಿ ಸತ್ತರೆ ಹೂಳಬೇಡಿ, ಟೆಕ್ಸಸ್ ಅನಿಮಲ್ ಹೆಲ್ತ್ ಕಮಿಷನ್ನಿಗೆ ತಿಳಿಸಿ.

ಇನ್ನೆರಡು ವಿಷಯ ಅರ್ಜಿ ಹಾಕುವ ಮುನ್ನವೇ ಮನೆಯಲ್ಲಿ ಮಾತಾಡಿಕೊಳ್ಳಿ. ಡಿಸೆಂಬರಿನಲ್ಲಿ ನಾಲ್ಕು ವಾರ ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಬಾಗಿಲು ತಾನೇ ತೆರೆಯಬಹುದು, ನೀರು ಹನಿಯಬಹುದು, ಮೊಟ್ಟೆಯನ್ನು ಯಾರಾದರೂ ದಿನಾ ತೆಗೆಯಬೇಕು. ಇಲ್ಲದಿದ್ದರೆ ಒಡೆದು ತಿನ್ನುವ ಚಟ ಹತ್ತುತ್ತದೆ, ಅದನ್ನು ಬಿಡಿಸುವುದು ಬಹಳ ಕಷ್ಟ. ಸಹಿ ಹಾಕಿದ ಪಕ್ಕದ ಮನೆಯವರೇ, ಮೊಟ್ಟೆಯೆಲ್ಲ ಅವರಿಗೆ ಎಂಬ ಕರಾರಿನ ಮೇಲೆ, ಒಪ್ಪಬಹುದು. ಎರಡನೆಯದು, ಎರಡು ವರ್ಷ ಕಳೆದಮೇಲೆ ಮೊಟ್ಟೆ ವರ್ಷವರ್ಷ ಇಳಿಯುತ್ತದೆ, ಹೇಂಟೆ ಮಾತ್ರ ಇನ್ನೂ ಐದಾರು ವರ್ಷ ಇರುತ್ತದೆ. ಅಲ್ಲೇ ಕೊಯ್ಯುವಂತಿಲ್ಲ ಎಂದು ನೀವೇ ಬರೆದುಕೊಟ್ಟಿರುತ್ತೀರಿ, ಮನೆಯಲ್ಲಿ ತಿನ್ನುವವರೂ ಇಲ್ಲದಿರಬಹುದು. ನಾಲ್ಕರ ಮಿತಿಯಲ್ಲಿ ಮುದಿಕೋಳಿಯೂ ಒಂದು ಲೆಕ್ಕ. ಮೊದಲ ವರ್ಷ ಎರಡು, ಮೂರನೆಯ ವರ್ಷ ಇನ್ನೆರಡು ತಂದರೆ ಎಲ್ಲವೂ ಒಟ್ಟಿಗೆ ಮುದಿಯಾಗುವುದಿಲ್ಲ. ಆದರೆ ಹೊಸಬರನ್ನು ಎರಡು ವಾರ ಜಾಲರಿಯ ಆಚೆ ಇಟ್ಟು ಪರಿಚಯವಾದಮೇಲೇ ಒಳಗೆ ಬಿಡಬೇಕು, ಆ ತಾತ್ಕಾಲಿಕ ಜಾಗವನ್ನೂ ಕಮಿಟಿಗೆ ಕೊಡುವ ನಕ್ಷೆಯಲ್ಲಿ ಈಗಲೇ ತೋರಿಸಿ.

121 ಮನೆ ಸಿಗಲಿಲ್ಲ ಎನ್ನಿ. ಕೌಜುಗವೋ ಬಾತುಕೋಳಿಯೋ ಸಾಕೋಣ ಎಂದು ಹೊರಡಬೇಡಿ, ಅವೂ ಪೌಲ್ಟ್ರಿಯೇ. ಊರಾಚೆ ಎಚ್‌ಒಎ ಇಲ್ಲದ ಜಾಗದಲ್ಲಿರುವ ಸ್ನೇಹಿತರ ಹಿತ್ತಲಿನಲ್ಲಿ ಗೂಡು ಕಟ್ಟಿಕೊಟ್ಟು, ಆಹಾರದ ಖರ್ಚು ನಿಮ್ಮದು, ಮೊಟ್ಟೆ ಅರ್ಧ ಅರ್ಧ ಎಂದು ಮಾತಾಡಿಕೊಳ್ಳುವುದು ಆಗ ಉಳಿಯುವ ದಾರಿ. ಡಿಕ್ಲರೇಶನ್ ಪರಿಷ್ಕರಣೆ ಮತ್ತೆ ಬರುವವರೆಗೆ.